ರುಚಿಯನ್ನು ಅಳೆಯುವುದು ಹೇಗೆ?

ಉದ್ದವನ್ನು ಅಳೆಯುವುದಕ್ಕೆ ಅಳತೆಗೋಲುಂಟು, ತೂಕಕ್ಕೆ ತಕ್ಕಡಿಯುಂಟು, ಕಾವಿನ ಮಟ್ಟವನ್ನು ತಿಳಿಯುವುದಕ್ಕೆ ಉಷ್ಣಮಾಪಕವುಂಟು. ಇಬ್ಬರು ಬೇರೆ ಬೇರೆಯಾಗಿ ಅಳೆದರೂ ಉತ್ತರವು ಹೆಚ್ಚುಕಡಿಮೆ ಒಂದೇ ಬರುವುದು. ಬಾರದಿದ್ದರೆ ಉಪಕರಣವನ್ನೋ ಅಳೆದವನ ಕೈಯನ್ನೋ ನಾವು ಸಂದೇಹಿಸುತ್ತೇವೆ. ಆದರೆ “ಇದು ಅದಕ್ಕಿಂತ ರುಚಿಯಾಗಿದೆ” ಎಂಬ ಮಾತನ್ನು ಯಾವ ಕೋಲಿನಿಂದ ಅಳೆಯೋಣ? ಒಬ್ಬೊಬ್ಬರ ನಾಲಿಗೆ ಒಂದೊಂದು ಬಗೆ ಎಂದು ಹೇಳಿ, ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಅಲ್ಲಿಗೇ ಕೈಬಿಡುವುದು ವಾಡಿಕೆ. ವಿಜ್ಞಾನವು ಅಷ್ಟು ಸುಲಭವಾಗಿ ಅದನ್ನು ಕೈಬಿಟ್ಟಿಲ್ಲ.

ಇದಕ್ಕೆ ಉತ್ತರವನ್ನು ಅರಸಿದ ಒಂದು ವಿಸ್ತಾರವಾದ ಪ್ರಯೋಗವು ಅಮೆರಿಕ ಸಂಯುಕ್ತ ಸಂಸ್ಥಾನಗಳ ಕೆಂಟಕಿ ಪ್ರಾಂತದಲ್ಲಿ ನಡೆಯಿತು. ಅಲ್ಲಿನ ಫ್ರಾಂಕ್‌ಫರ್ಟ್ ಪಟ್ಟಣದ ಬಫಲೋ ಟ್ರೇಸ್ ಡಿಸ್ಟಿಲರಿಯು 2011ರಿಂದ 2015ರವರೆಗೆ ‘ಸಿಂಗಲ್ ಓಕ್’ ಎಂಬ ಹೆಸರಿನಲ್ಲಿ 192 ಪೀಪಾಯಿಗಳ ವಿಸ್ಕಿಯನ್ನು ಸೀಮಿತ ಸಂಖ್ಯೆಯ ಸೀಸೆಗಳಲ್ಲಿ ಬಿಡುಗಡೆ ಮಾಡಿ, ಕೊಂಡು ಸವಿದವರಿಂದ ಅಭಿಪ್ರಾಯಗಳನ್ನು ಸಂಗ್ರಹಿಸಿತು. ವಿಸ್ಕಿಯು ಮದ್ಯ; ಅದನ್ನು ಹೊಗಳುವುದು ನಮ್ಮ ಉದ್ದೇಶವಲ್ಲ, ವಿದ್ಯಾರ್ಥಿಗಳಿಗೆ ಅದು ಬೇಕಾದ ವಸ್ತುವೂ ಅಲ್ಲ. ಆದರೆ ಆ ಪ್ರಯೋಗವನ್ನು ಹೂಡಿದ ರೀತಿಯಲ್ಲಿಯೂ, ಅದರ ಫಲವನ್ನು ಓದಬೇಕಾದ ರೀತಿಯಲ್ಲಿಯೂ, ಯಾವ ಪ್ರಯೋಗಶಾಲೆಗೂ ಸಲ್ಲುವ ಒಂದು ಪಾಠವಿದೆ. ಅದನ್ನು ಇಲ್ಲಿ ವಿವರಿಸುವೆವು.

ಮರ ಕೊಡುವ ರುಚಿ

ಅಮೆರಿಕದ ವಿಸ್ಕಿಗಳಲ್ಲಿ ಮುಖ್ಯವಾದುದು ಬರ್ಬನ್. ಈ ಹೆಸರನ್ನು ಯಾರೂ ಮನಬಂದಂತೆ ಬಳಸುವ ಹಾಗಿಲ್ಲ. ಅಲ್ಲಿನ ಕಾನೂನಿನ ಪ್ರಕಾರ, ಬಳಸುವ ಧಾನ್ಯದಲ್ಲಿ ಶೇಕಡಾ 51ರಷ್ಟಾದರೂ ಮುಸುಕಿನ ಜೋಳವಿರಬೇಕು. ಭಟ್ಟಿ ಇಳಿಸಿದಾಗ ಮದ್ಯಸಾರವು ಶೇಕಡಾ 80ನ್ನು ಮೀರಬಾರದು. ಒಳಮೈಯನ್ನು ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿಯೇ ಅದನ್ನು ಶೇಖರಿಸಬೇಕು. ಪೀಪಾಯಿಗೆ ತುಂಬುವಾಗ ಮದ್ಯಸಾರವು ಶೇಕಡಾ 62.5ಕ್ಕಿಂತ ಹೆಚ್ಚಿರಬಾರದು. ಅಮೆರಿಕನ್ನರು ಈ ಸತ್ತ್ವವನ್ನು ‘ಪ್ರೂಫ್’ ಎಂಬ ಮಾನದಲ್ಲಿ ಹೇಳುವರು. ಶೇಕಡಾವಾರು ಸಂಖ್ಯೆಯನ್ನು ಇಮ್ಮಡಿಸಿದರೆ ಪ್ರೂಫ್ ದೊರೆಯುವುದು, 62.5 ಎಂದರೆ 125 ಪ್ರೂಫ್.

ಭಟ್ಟಿಯಿಂದ ಇಳಿದ ದ್ರವವು ನೀರಿನಂತೆ ಬಣ್ಣವಿಲ್ಲದ್ದು. ಅದರ ಕಂದುಬಣ್ಣವೆಲ್ಲವೂ ಪೀಪಾಯಿಯ ಕೊಡುಗೆ. ಪರಿಮಳದ ಬಹುಭಾಗವೂ ಹಾಗೆಯೇ. ಓಕ್ ಮರದ ಲಿಗ್ನಿನ್ ಎಂಬ ವಸ್ತುವು ಬೆಂಕಿಯ ಕಾವಿಗೆ ಒಡೆದು ವೆನಿಲಿನ್ ಆಗುವುದು. ಐಸ್‌ಕ್ರೀಮಿನಲ್ಲಿ ನಾವು ಬಲ್ಲ ವೆನಿಲಾ ಪರಿಮಳವು ಇದರದೇ. ಮರದಲ್ಲಿರುವ ಹೆಮಿಸೆಲ್ಯುಲೋಸ್ ಕಾಯ್ದು, ಸುಟ್ಟ ಸಕ್ಕರೆಯ ವಾಸನೆಯನ್ನು ಕೊಡುವುದು. ಓಕ್ ಲ್ಯಾಕ್ಟೋನ್ ಎಂಬುದಕ್ಕೆ ಕೊಬ್ಬರಿಯ ಪರಿಮಳ. ಯೂಜಿನಾಲ್ ಎಂಬುದಕ್ಕೆ ಲವಂಗದ ಪರಿಮಳ. ಬೇಸಗೆಯಲ್ಲಿ ದ್ರವವು ಹಿಗ್ಗಿ ಹಲಗೆಯ ಒಳಕ್ಕೆ ಇಳಿಯುವುದು. ಚಳಿಗಾಲದಲ್ಲಿ ಕುಗ್ಗಿ, ಮರದ ಸಾರವನ್ನು ಹೊತ್ತು ಹಿಂದಿರುಗುವುದು. ವರ್ಷವರ್ಷವೂ ಈ ಉಸಿರಾಟವು ನಡೆಯುತ್ತದೆ.

ಈ ಅವಧಿಯಲ್ಲಿ ಪೀಪಾಯಿಯು ಸೋರದಿದ್ದರೂ ಒಳಗಿನ ದ್ರವವು ಕಡಿಮೆಯಾಗುತ್ತ ಹೋಗುವುದು. ಮರದ ಮೂಲಕ ಆವಿಯಾಗಿ ಹೋದ ಈ ಭಾಗವನ್ನು ಅಲ್ಲಿಯವರು ‘ದೇವದೂತರ ಪಾಲು’ ಎನ್ನುವರು. ಸ್ಕಾಟ್ಲೆಂಡಿನ ತೇವದ ಹವೆಯಲ್ಲಿ ನೀರಿಗಿಂತ ಮದ್ಯಸಾರವೇ ಬೇಗ ಹೋಗಿ ಸತ್ತ್ವವು ಇಳಿಯುವುದು. ಕೆಂಟಕಿಯ ಉಗ್ರಾಣಗಳ ಮೇಲಂತಸ್ತಿನ ಒಣಹವೆಯಲ್ಲಿ ನೀರೇ ಹೆಚ್ಚಾಗಿ ಹೋಗಿ ಸತ್ತ್ವವು ಏರುವುದು. ನಮ್ಮ ಬೆಂಗಳೂರಿನ ಅಮೃತ್ ಸಂಸ್ಥೆಯು 2004ರಲ್ಲಿ ಗ್ಲಾಸ್ಗೋ ನಗರದಲ್ಲಿ ಬಿಡುಗಡೆ ಮಾಡಿದ ವಿಸ್ಕಿಯು ಕೆಲವೇ ವರ್ಷಗಳಲ್ಲಿ ಹದಗೊಂಡುದಕ್ಕೆ ಇಲ್ಲಿಯ ಬೆಚ್ಚನೆಯ ಹವೆಯೇ ಕಾರಣ. ಪಾಲು ಕೇಳುವ ದೇವದೂತರು ಇಲ್ಲಿ ಸ್ಕಾಟ್ಲೆಂಡಿಗಿಂತ ಹಲವು ಪಟ್ಟು ಆಸೆಬುರುಕರು! ಒಟ್ಟಿನಲ್ಲಿ ಒಂದೇ ದ್ರವವು ಮರ, ಬೆಂಕಿ, ಹವೆ, ಕಾಲ ಇವುಗಳಿಂದ ನೂರು ಬಗೆಯಾಗಬಲ್ಲದು. ಇವುಗಳಲ್ಲಿ ಯಾವುದು ಎಷ್ಟು ಮುಖ್ಯ?

ಏಳು ಪ್ರಶ್ನೆಗಳು, ಒಂದು ಪ್ರಯೋಗ

ಕೆಂಟಕಿಯವರು ಕೇಳಿದ್ದು ಇದನ್ನೇ. ಅವರು ಮಿಸೂರಿ ಪ್ರಾಂತದ ಓಜಾರ್ಕ್ ಗುಡ್ಡಗಾಡಿನಿಂದ 96 ಬಿಳಿ ಓಕ್ ಮರಗಳನ್ನು ಆರಿಸಿದರು. ಒಂದೊಂದು ಮರದಿಂದಲೂ ಎರಡೇ ಪೀಪಾಯಿ: ಬುಡದ ಭಾಗದಿಂದ ಒಂದು, ಮೇಲಿನ ಭಾಗದಿಂದ ಒಂದು. ಹೀಗೆ 192 ಪೀಪಾಯಿಗಳಾದವು.

ಅವರು ಬದಲಾಯಿಸಿದ ಅಂಶಗಳು ಏಳು. ಮೊದಲನೆಯದು, ಹಲಗೆಯು ಮರದ ಬುಡದ್ದೋ ಮೇಲ್ಭಾಗದ್ದೋ ಎಂಬುದು. ಎರಡನೆಯದು, ಮರದ ಎಳೆ: ಅಡ್ಡ ಕೊಯ್ದಾಗ ಕಾಣುವ ವರ್ಷದ ಬಳೆಗಳು ಒತ್ತಾಗಿವೆಯೋ, ನಡುತರವೋ, ವಿರಳವೋ ಎಂಬುದು. ಮೂರನೆಯದು, ಹಲಗೆಗಳನ್ನು ಬಯಲಿನಲ್ಲಿ ಒಣಗಿಸಿದ್ದು 6 ತಿಂಗಳೋ 12 ತಿಂಗಳೋ ಎಂಬುದು. ನಾಲ್ಕನೆಯದು, ಒಳಮೈಯನ್ನು ಸುಟ್ಟದ್ದು 35 ಸೆಕೆಂಡೋ 55 ಸೆಕೆಂಡೋ ಎಂಬುದು. ಐದನೆಯದು, ಜೋಳದೊಡನೆ ಸೇರಿಸಿದ ಧಾನ್ಯವು ರೈಯೋ ಗೋಧಿಯೋ ಎಂಬುದು. ಆರನೆಯದು, ತುಂಬಿದಾಗಿನ ಸತ್ತ್ವವು 105 ಪ್ರೂಫೋ 125 ಪ್ರೂಫೋ ಎಂಬುದು. ಏಳನೆಯದು, ಪೀಪಾಯಿಯನ್ನು ಇಟ್ಟ ಉಗ್ರಾಣದ ನೆಲವು ಮರದ್ದೋ ಕಾಂಕ್ರೀಟಿನದೋ ಎಂಬುದು.

ಆರು ಅಂಶಗಳಿಗೆ ಎರಡೆರಡು ಆಯ್ಕೆ, ಒಂದಕ್ಕೆ ಮೂರು. ಎರಡನ್ನು ಆರು ಸಲ ಗುಣಿಸಿದರೆ 64. ಅದನ್ನು ಮೂರರಿಂದ ಗುಣಿಸಿದರೆ 192. ಪೀಪಾಯಿಗಳ ಸಂಖ್ಯೆಯೂ ಅದೇ! ಸಾಧ್ಯವಾದ ಪ್ರತಿಯೊಂದು ಸಂಯೋಜನೆಗೂ ಒಂದೊಂದು ಪೀಪಾಯಿ. ಯಾವ ಎರಡೂ ಒಂದೇ ಬಗೆಯವಲ್ಲ. ಎಂಟು ವರ್ಷ ಮಾಗಿಸಿ, ಎಲ್ಲವನ್ನೂ ನೀರಿನಿಂದ 90 ಪ್ರೂಫಿಗೆ ಇಳಿಸಿ, 375 ಮಿಲಿಲೀಟರಿನ ಸೀಸೆಗಳಲ್ಲಿ ತುಂಬಿದರು. ಒಂದು ಸಲಕ್ಕೆ 12 ಪೀಪಾಯಿಗಳಂತೆ 16 ಸಲ ಬಿಡುಗಡೆಯಾಯಿತು. ಒಂದು ಪೀಪಾಯಿ ಮುಗಿದರೆ ಆ ಬಗೆಯ ವಿಸ್ಕಿಯೇ ಮುಗಿಯಿತು.

ಒಂದು ಅಂಶವನ್ನು ಮಾತ್ರ ಬದಲಾಯಿಸಿ ಉಳಿದವನ್ನು ಸ್ಥಿರವಾಗಿಡಬೇಕೆಂದು ಶಾಲೆಯಲ್ಲಿ ನಾವು ಕಲಿಸುವೆವಲ್ಲ, ಇಲ್ಲಿ ಏಳನ್ನೂ ಒಟ್ಟಿಗೆ ಬದಲಾಯಿಸಿದ್ದೇಕೆ? ಎರಡು ಕಾರಣಗಳಿವೆ. ಮೊದಲನೆಯದನ್ನು ಅಡಿಗೆಮನೆಯಿಂದಲೇ ತಿಳಿಯಬಹುದು. ಸಾರಿಗೆ ಬೆಲ್ಲ ಹಾಕಿದರೆ ರುಚಿ ಹೆಚ್ಚುವುದೆ? ಹುಣಿಸೆಹಣ್ಣು ಹೆಚ್ಚಿದ್ದರೆ ಹೌದು. ಹುಳಿಯೇ ಇಲ್ಲದಿದ್ದರೆ ಇಲ್ಲ. ಬೆಲ್ಲದ ಪರಿಣಾಮವು ಹುಳಿಯನ್ನು ಅವಲಂಬಿಸಿದೆ. ಹುಳಿಯನ್ನು ಒಂದೇ ಮಟ್ಟದಲ್ಲಿಟ್ಟು ಬೆಲ್ಲವನ್ನು ಮಾತ್ರ ಪರೀಕ್ಷಿಸಿದವನಿಗೆ ಈ ಪರಸ್ಪರ ಸಂಬಂಧವು ಎಂದಿಗೂ ತಿಳಿಯದು.

ಎರಡನೆಯ ಕಾರಣವು ಮಿತವ್ಯಯ. ಬುಡ ಮತ್ತು ಮೇಲ್ಭಾಗಗಳನ್ನು ಹೋಲಿಸುವಾಗ 96 ಪೀಪಾಯಿಗಳನ್ನು ಇನ್ನೊಂದು 96ರೊಡನೆ ಹೋಲಿಸುತ್ತೇವೆ. ಎರಡು ಗುಂಪುಗಳಲ್ಲಿಯೂ ರೈ ಎಷ್ಟೋ ಗೋಧಿಯೂ ಅಷ್ಟೇ, ಮರದ ನೆಲವೆಷ್ಟೋ ಕಾಂಕ್ರೀಟೂ ಅಷ್ಟೇ. ಆದುದರಿಂದ ಉಳಿದ ಅಂಶಗಳು ತಮ್ಮಷ್ಟಕ್ಕೆ ತಾವೇ ಸರಿದೂಗುತ್ತವೆ. ರೈ ಮತ್ತು ಗೋಧಿಗಳನ್ನು ಹೋಲಿಸುವಾಗ ಅದೇ 192 ಪೀಪಾಯಿಗಳನ್ನು ಬೇರೆ ರೀತಿಯಲ್ಲಿ ಇಬ್ಭಾಗ ಮಾಡಿದರಾಯಿತು. ಒಂದೇ ಪೀಪಾಯಿಯು ಏಳು ಪ್ರಯೋಗಗಳಲ್ಲಿ ಸಾಕ್ಷಿ ಹೇಳುವುದು.

ಸಾಕ್ಷಿಯು ನಂಬಿಕೆಗೆ ಅರ್ಹವೆ?

ಇಷ್ಟು ಅಚ್ಚುಕಟ್ಟಾದ ಪ್ರಯೋಗದಲ್ಲಿ ಅಳೆಯುವ ಉಪಕರಣವು ಮಾತ್ರ ಮನುಷ್ಯನ ಮೂಗು ಮತ್ತು ನಾಲಿಗೆ. ಅನಿಲ ವರ್ಣಲೇಖನವೆಂಬ ವಿಧಾನದಿಂದ ವಿಸ್ಕಿಯಲ್ಲಿರುವ ವೆನಿಲಿನ್ ಎಷ್ಟೆಂದು ನಿಖರವಾಗಿ ಹೇಳಬಹುದು. ಆದರೆ ಅದು ಹಿತವಾಗಿದೆಯೆ ಎಂದು ಯಾವ ಯಂತ್ರವೂ ಹೇಳದು.

ನಮ್ಮ ಹಿರಿಯರು ರುಚಿಗಳನ್ನು ಷಡ್ರಸಗಳೆಂದು ಎಣಿಸಿದರು: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಇಂದಿನ ಶರೀರವಿಜ್ಞಾನವು ಖಾರವನ್ನೂ ಒಗರನ್ನೂ ನಾಲಿಗೆಯ ರುಚಿಗಳಲ್ಲಿ ಸೇರಿಸದೆ, ಉಮಾಮಿ ಎಂಬ ಮಾಂಸರಸದಂಥ ರುಚಿಯೊಂದನ್ನು ಸೇರಿಸಿ ಐದೆಂದು ಹೇಳುವುದು. ಖಾರವು ಉರಿಯನ್ನು ತಿಳಿಸುವ ನರಗಳ ಕೆಲಸ. ಒಗರು ಬಹುಮಟ್ಟಿಗೆ ಬಾಯಿಯ ಒಳಮೈ ಒಣಗಿ ಬಿಗಿದಂತಾಗುವ ಸ್ಪರ್ಶ. ವಿಸ್ಕಿಯಲ್ಲಿ ಇವೆರಡೂ ಉಂಟು. ಮೆಣಸಿನಕಾಯಿಯು ಕೆರಳಿಸುವ ಗ್ರಾಹಕವನ್ನೇ ಮದ್ಯಸಾರವೂ ಕೆರಳಿಸುವುದರಿಂದ ಬಾಯಿ ಉರಿಯುವುದು; ಓಕ್ ಮರದ ಟ್ಯಾನಿನ್ನಿನಿಂದ ಒಗರು ಬರುವುದು. ಉಳಿದ ವೆನಿಲಾ, ಲವಂಗ, ಕೊಬ್ಬರಿ ಮುಂತಾದುವೆಲ್ಲ ಮೂಗಿನ ಕೆಲಸ. ಬಾಯಿಯಿಂದ ಏರಿದ ಆವಿಯು ಗಂಟಲಿನ ಹಿಂಬದಿಯಿಂದ ಮೂಗನ್ನು ಸೇರಿ ‘ರುಚಿ’ ಎನಿಸಿಕೊಳ್ಳುವುದು. ನೆಗಡಿಯಾದಾಗ ಊಟವು ಸಪ್ಪೆಯೆನಿಸುವುದು ಇದರಿಂದಲೇ. ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಇವುಗಳ ರಹಸ್ಯವನ್ನು ಬಿಡಿಸಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಆದುದರಿಂದ ಅನುಭವಿಗಳಾದ ಪರೀಕ್ಷಕರು ಕುಡಿಯುವುದಕ್ಕಿಂತ ಮೂಸುವುದೇ ಹೆಚ್ಚು. ಬಾಯಿ ಕಿರಿದಾದ ಗಾಜಿನ ಲೋಟದಲ್ಲಿ ಸ್ವಲ್ಪವೇ ಹಾಕಿ, ಕೆಲವು ಹನಿ ನೀರು ಬೆರೆಸುವರು. ಬಾಯಿಗೆ ತೆಗೆದುಕೊಂಡುದನ್ನು ಸಾಮಾನ್ಯವಾಗಿ ಉಗುಳಿಬಿಡುವರು. ನೀರೇಕೆ? ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧಕರು 2017ರಲ್ಲಿ ಗಣಕಯಂತ್ರದಲ್ಲಿ ಅಣುಗಳ ಚಲನೆಯನ್ನು ಲೆಕ್ಕಹಾಕಿ ಇದಕ್ಕೊಂದು ಕಾರಣವನ್ನು ತೋರಿಸಿದರು. ಹೊಗೆಯ ವಾಸನೆಯುಳ್ಳ ಗ್ವಾಯಕಾಲ್ ಎಂಬ ಅಣುವು, ಮದ್ಯಸಾರವು ಶೇಕಡಾ 45 ಅಥವಾ ಅದಕ್ಕೂ ಕಡಿಮೆಯಿರುವಾಗ ದ್ರವದ ಮೇಲ್ಮೈಯಲ್ಲಿ ನೆರೆಯುವುದು. ಶೇಕಡಾ 59ನ್ನು ದಾಟಿದಾಗ ಒಳಕ್ಕೆ ಸರಿಯುವುದು. ಮೇಲ್ಮೈಗೆ ಬಂದ ಅಣುವೇ ಮೂಗನ್ನು ಮುಟ್ಟುವುದು ಸುಲಭವಲ್ಲವೆ?

ಆದರೆ ಮೂಗಿಗಿಂತ ಮೊದಲೇ ಕಣ್ಣು ತೀರ್ಪು ಕೊಟ್ಟುಬಿಡುವುದುಂಟು. ಫ್ರಾನ್ಸಿನ ಬೋರ್ಡೋ ನಗರದಲ್ಲಿ ದ್ರಾಕ್ಷಾಮದ್ಯದ ಶಾಸ್ತ್ರವನ್ನು ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ, ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರೆಸಿದ ಬಿಳಿಯ ವೈನನ್ನು ಕೊಟ್ಟರು. ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಹೇಳುವ ಮಾತುಗಳಿಂದಲೇ ವರ್ಣಿಸಿದರು! ಈ ಪ್ರಯೋಗವು 2001ರಲ್ಲಿ ಪ್ರಕಟವಾಯಿತು. ಕ್ಯಾಲಿಫೋರ್ನಿಯಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಒಂದೇ ವೈನನ್ನು ಒಮ್ಮೆ 90 ಡಾಲರಿನದೆಂದೂ ಮತ್ತೊಮ್ಮೆ 10 ಡಾಲರಿನದೆಂದೂ ಹೇಳಿ ಕೊಟ್ಟಾಗ, ಬೆಲೆ ಹೆಚ್ಚೆಂದು ಹೇಳಿದ್ದೇ ಹಿತವಾಯಿತು. ಸವಿದವರು ಸುಳ್ಳು ಹೇಳುತ್ತಿರಲಿಲ್ಲ. ಹಿತಾನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗದ ಚಟುವಟಿಕೆಯೂ ಆಗ ಹೆಚ್ಚಾಗಿದ್ದುದು ಕಂಡುಬಂತು.

‘ಸೀಮಿತ ಬಿಡುಗಡೆ’ ಎಂಬ ಎರಡು ಪದಗಳಿಗೆ ಇಂಥದೇ ಶಕ್ತಿಯಿದೆ. ಸಿಕ್ಕದ ವಸ್ತುವಿಗೆ ಸವಿ ಹೆಚ್ಚು. ಇದೇ ಡಿಸ್ಟಿಲರಿಯಿಂದ ಪ್ಯಾಪಿ ವ್ಯಾನ್ ವಿಂಕಲ್ ಎಂಬ ವಿರಳವಾದ ಬರ್ಬನ್ನಿನ ಸೀಸೆಗಳು ಕಳುವಾದ ಸುದ್ದಿಯು 2013ರಲ್ಲಿ ದೊಡ್ಡದಾಯಿತು. ಹೀಗಿರುವಾಗ ಸೀಸೆಯ ಮೇಲಿನ ಚೀಟಿಯನ್ನು ಓದಿ ಕೊಟ್ಟ ಅಂಕವು ದ್ರವಕ್ಕೆ ಎಷ್ಟು, ಚೀಟಿಗೆ ಎಷ್ಟು ಎಂದು ಬೇರ್ಪಡಿಸುವುದು ಹೇಗೆ?

ಎಂಟು ಬಟ್ಟಲು ಚಹಾ

ಇದಕ್ಕೆ ದಾರಿಯನ್ನು ತೋರಿಸಿದವನು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್. ರಾಥಮ್‌ಸ್ಟೆಡ್ ಕೃಷಿ ಸಂಶೋಧನಾಲಯದಲ್ಲಿ ಅವನ ಸಹೋದ್ಯೋಗಿಯಾಗಿದ್ದ ಮ್ಯೂರಿಯಲ್ ಬ್ರಿಸ್ಟಲ್ ಎಂಬಾಕೆಯು, ಬಟ್ಟಲಿಗೆ ಹಾಲನ್ನು ಮೊದಲು ಹಾಕಿದರೋ ಚಹಾವನ್ನು ಮೊದಲು ಹಾಕಿದರೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದಳು. ಆಕೆಯೊಡನೆ ಫಿಶರ್ ವಾದಕ್ಕಿಳಿಯಲಿಲ್ಲ, ಪರೀಕ್ಷೆಯೊಂದನ್ನು ಹೂಡಿದ. ಇದನ್ನೇ ಅವನು 1935ರ ತನ್ನ ಗ್ರಂಥದಲ್ಲಿ ಉದಾಹರಣೆಯಾಗಿ ವಿವರಿಸಿದ. ಎಂಟು ಬಟ್ಟಲುಗಳಲ್ಲಿ ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಚಹಾ ಮೊದಲು. ಕೊಡುವ ಕ್ರಮವನ್ನು ಅದೃಷ್ಟಕ್ಕೆ ಬಿಟ್ಟದ್ದು. ಎಂಟರಲ್ಲಿ ನಾಲ್ಕನ್ನು ಆರಿಸುವ ವಿಧಾನಗಳು 70. ಏನೂ ತಿಳಿಯದೆ ಊಹಿಸುವವನು ನಾಲ್ಕನ್ನೂ ಸರಿಯಾಗಿ ಆರಿಸುವ ಸಂಭವವು 70ಕ್ಕೆ ಒಂದು ಮಾತ್ರ. ರುಚಿಯು ಮನಸ್ಸಿನೊಳಗಿನ ವಿಷಯವಾಗಿದ್ದರೂ, ಅದರ ಬಗೆಗಿನ ಹೇಳಿಕೆಯನ್ನು ಹೀಗೆ ಲೆಕ್ಕಕ್ಕೆ ಒಡ್ಡಬಹುದು.

ಹಲವು ಅಂಶಗಳನ್ನು ಒಟ್ಟಿಗೆ ಬದಲಾಯಿಸುವ ವಿಧಾನವೂ ರಾಥಮ್‌ಸ್ಟೆಡ್ಡಿನ ಹೊಲಗಳಲ್ಲಿಯೇ ಬೆಳೆಯಿತು. ಅದನ್ನು ಮುಂದುವರಿಸಿದವರಲ್ಲಿ, 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಅಗ್ರಗಣ್ಯರು. 1940ರ ದಶಕದಲ್ಲಿ ಅವರು ರೂಪಿಸಿದ ‘ಲಂಬ ವಿನ್ಯಾಸ’ಗಳಿಂದ ಎಲ್ಲ ಸಂಯೋಜನೆಗಳನ್ನೂ ಮಾಡಿನೋಡುವ ಅಗತ್ಯವು ತಪ್ಪುವುದು. ಎರಡೆರಡು ಆಯ್ಕೆಗಳುಳ್ಳ ಏಳು ಅಂಶಗಳಿದ್ದರೆ ಸಂಯೋಜನೆಗಳು 128. ಅಂಶಗಳ ಪರಸ್ಪರ ಸಂಬಂಧಗಳನ್ನು ಗಣಿಸದಿದ್ದರೆ, ಸರಿಯಾಗಿ ಆರಿಸಿದ ಎಂಟೇ ಪ್ರಯೋಗಗಳಿಂದ ಏಳು ಅಂಶಗಳ ಮುಖ್ಯ ಪರಿಣಾಮಗಳನ್ನೂ ಅಂದಾಜು ಮಾಡಬಹುದು.

ಕೆಂಟಕಿಯವರು ಸವಿದವರ ಕಣ್ಣನ್ನು ಅರ್ಧ ಮಾತ್ರ ಕಟ್ಟಿದರು. ಅಭಿಪ್ರಾಯವನ್ನು ದಾಖಲಿಸಿದ ಮೇಲೆ ಆ ಪೀಪಾಯಿಯ ವಿವರಗಳನ್ನು ತಿಳಿಸುತ್ತಿದ್ದರು. ಇದು ಸರಿಯಾದ ಕ್ರಮ. ಆದರೆ ತಾವು ಕೊಂಡದ್ದು ವಿರಳವಾದ ವಸ್ತುವೆಂಬುದು ಎಲ್ಲರಿಗೂ ಗೊತ್ತಿತ್ತು. ಅದರಿಂದ ಒಟ್ಟು ಅಂಕಗಳೇನೋ ಏರಿರಬಹುದು. ಆದರೆ ಎಲ್ಲ ಪೀಪಾಯಿಗಳಿಗೂ ಹೀಗೆ ಒಂದೇ ಪ್ರಮಾಣದಲ್ಲಿ ಏರಿದ್ದರೆ, ಅವುಗಳ ನಡುವಣ ಅಂತರವು ಕೆಡುವುದಿಲ್ಲ. ಸೊನ್ನೆಯ ಗುರುತು ತಪ್ಪಿದ ಉಷ್ಣಮಾಪಕದಿಂದಲೂ ಎರಡು ಉಷ್ಣತೆಗಳ ವ್ಯತ್ಯಾಸವನ್ನು ಸರಿಯಾಗಿ ಅಳೆಯಬಹುದಲ್ಲವೆ?

ಗೆದ್ದ ಪೀಪಾಯಿ

2015ರಲ್ಲಿ ಫಲಿತಾಂಶವು ಪ್ರಕಟವಾಯಿತು. ಗೆದ್ದದ್ದು 80ನೆಯ ಪೀಪಾಯಿ: ಬುಡದ ಹಲಗೆ, ನಡುತರದ ಎಳೆ, 12 ತಿಂಗಳು ಒಣಗಿಸಿದ್ದು, 55 ಸೆಕೆಂಡು ಸುಟ್ಟದ್ದು, ರೈ ಬೆರೆತದ್ದು, 125 ಪ್ರೂಫಿನಲ್ಲಿ ತುಂಬಿದ್ದು, ಕಾಂಕ್ರೀಟ್ ನೆಲದ ಉಗ್ರಾಣದಲ್ಲಿ ಮಾಗಿದ್ದು. ಒಳ್ಳೆಯ ಬರ್ಬನ್ನಿನ ಸೂತ್ರವು ಸಿಕ್ಕಿತೆಂದು ಹಲವರು ಭಾವಿಸಿರಬಹುದು. ಆದರೆ ವಿಜ್ಞಾನದ ವಿದ್ಯಾರ್ಥಿಯು ಇಲ್ಲಿಯೇ ನಿಂತು ಯೋಚಿಸಬೇಕು.

192 ಮಂದಿ ವಿದ್ಯಾರ್ಥಿಗಳು ತಲಾ ಹತ್ತು ಸಲ ನಾಣ್ಯವನ್ನು ಚಿಮ್ಮಲಿ. ಒಬ್ಬನಿಗೆ ಹತ್ತರಲ್ಲಿ ಒಂಬತ್ತು ಅಥವಾ ಹತ್ತು ಸಲ ತಲೆ ಬೀಳುವ ಸಂಭವವು 1024ಕ್ಕೆ 11. ಇದನ್ನು 192ರಿಂದ ಗುಣಿಸಿದರೆ ಸುಮಾರು 2. ಯಾರಲ್ಲಿಯೂ ಯಾವ ಚಾತುರ್ಯವೂ ಇಲ್ಲದಿದ್ದರೂ ಇಬ್ಬರು ‘ನಾಣ್ಯವೀರರು’ ದೊರೆಯುವರು! ಅವರ ಊಟ ಉಪಚಾರಗಳನ್ನು ವಿಚಾರಿಸಿ ಗೆಲುವಿನ ಗುಟ್ಟನ್ನು ಬರೆದುಕೊಂಡರೆ ಅದು ಹಾಸ್ಯಾಸ್ಪದವಾದೀತು. ಪೀಪಾಯಿಗಳಲ್ಲಿಯೂ ಅದೃಷ್ಟಕ್ಕೆ ಎಡೆಯುಂಟು. ಒಂದು ಹಲಗೆಯ ಗುಣ, ಉಗ್ರಾಣದ ಒಂದು ಮೂಲೆ, ಆ ಸೀಸೆಯನ್ನು ಸವಿದವರ ಸ್ವಭಾವ — ಇವೆಲ್ಲವೂ ಅಂಕವನ್ನು ಏರಿಳಿಸುವುವು. ಪ್ರತಿ ಸಂಯೋಜನೆಗೂ ಒಂದೇ ಪೀಪಾಯಿ ಇದ್ದುದರಿಂದ, 80ನೆಯದು ಗೆದ್ದದ್ದು ಸೂತ್ರದಿಂದಲೋ ಸುಯೋಗದಿಂದಲೋ ಎಂದು ಅದೊಂದರಿಂದಲೇ ಹೇಳಲಾಗದು.

ಹಾಗಾದರೆ ಅಷ್ಟು ಶ್ರಮವು ವ್ಯರ್ಥವೆ? ಖಂಡಿತ ಅಲ್ಲ. ಪ್ರಯೋಗದ ಬಲವಿರುವುದು ಗೆದ್ದವನಲ್ಲಿ ಅಲ್ಲ, ಸರಾಸರಿಯಲ್ಲಿ. n ಅಳತೆಗಳ ಸರಾಸರಿಯಲ್ಲಿ ಆಕಸ್ಮಿಕ ದೋಷವು n ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಕಡಿಮೆಯಾಗುವುದೆಂದು ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕಲಿತಿರುವಿರಿ. 96ರ ವರ್ಗಮೂಲವು ಸುಮಾರು 9.8. ಅಂದರೆ ಬುಡದ 96 ಪೀಪಾಯಿಗಳ ಸರಾಸರಿಯು ಒಂದು ಪೀಪಾಯಿಗಿಂತ ಹತ್ತಿರ ಹತ್ತಿರ ಹತ್ತು ಪಟ್ಟು ನಂಬಲರ್ಹವಾದ ಸಾಕ್ಷಿ. ಎಳೆಯ ಮೂರು ಬಗೆಗಳಿಗೆ ತಲಾ 64 ಪೀಪಾಯಿಗಳಿರುವುದರಿಂದ ಅಲ್ಲಿ ಎಂಟು ಪಟ್ಟು. ಕಿರೀಟವು ಒಂದು ಪೀಪಾಯಿಗೆ ಸಂದರೂ, ಜ್ಞಾನವು ಉಳಿದ 191 ಪೀಪಾಯಿಗಳಿಲ್ಲದೆ ದೊರೆಯುವಂತಿರಲಿಲ್ಲ.

80ನೆಯದರ ಹಿರಿಮೆಯನ್ನು ನಿರ್ಧರಿಸುವುದಕ್ಕೆ ಒಂದೇ ದಾರಿ: ಅದೇ ಸೂತ್ರದಂತೆ ಹಲವು ಪೀಪಾಯಿಗಳನ್ನು ಮತ್ತೆ ತುಂಬಿ, ಎಂಟು ವರ್ಷ ಕಾದು, ಹೆಸರನ್ನು ಮರೆಮಾಡಿ ಸವಿಯುವುದು. ಪ್ರಕೃತಿಯು ಉತ್ತರವನ್ನು ತನ್ನ ಕಾಲಕ್ಕೇ ಕೊಡುವುದು. ಅವಸರಪಟ್ಟರೆ ಸಿಗುವುದು ಚೀಟಿಯ ಉತ್ತರ ಮಾತ್ರ.

ಇದನ್ನು ಪರೀಕ್ಷಿಸಲು ನಮ್ಮ ಓದುಗರಿಗೆ ವಿಸ್ಕಿಯೂ ಬೇಡ, ಕೆಂಟಕಿಯೂ ಬೇಡ. ಮನೆಯಲ್ಲಿ ಕಾಫಿಯಿದ್ದರೆ ಸಾಕು. ಒಂದೇ ಬಗೆಯ ಎಂಟು ಲೋಟಗಳಲ್ಲಿ ನಾಲ್ಕಕ್ಕೆ ಡಿಕಾಕ್ಷನ್ ಮೊದಲು, ನಾಲ್ಕಕ್ಕೆ ಹಾಲು ಮೊದಲು ಹಾಕಿ. ಎಲ್ಲಕ್ಕೂ ಒಂದೇ ಅಳತೆ, ಒಂದೇ ಬಿಸಿ, ಒಂದೇ ಸಕ್ಕರೆ. ಲೋಟದ ತಳಕ್ಕೆ ಸಂಖ್ಯೆಯನ್ನು ಅಂಟಿಸಿ, ಚೀಟಿ ಎತ್ತಿ ಬಂದ ಕ್ರಮದಲ್ಲಿ ಕೊಡಿ. ಕೊಡುವವನಿಗೂ ಯಾವುದು ಯಾವುದೆಂದು ತಿಳಿದಿರಬಾರದು. ಅವನ ಮುಖವೇ ಉತ್ತರವನ್ನು ಹೇಳಿಬಿಟ್ಟೀತು. “ಒಂದು ಗುಟುಕು ಕುಡಿದರೆ ಸಾಕು, ಹೇಳಿಬಿಡುತ್ತೇನೆ” ಎನ್ನುವವರು ಪ್ರತಿ ಮನೆಯಲ್ಲಿಯೂ ಇರುವರು. ಅವರು ನಾಲ್ಕನ್ನೂ ಸರಿಯಾಗಿ ಆರಿಸಿದರೆ ಅವರ ನಾಲಿಗೆಗೆ ಗೌರವವನ್ನು ಸಲ್ಲಿಸಿ. ಆದರೆ 70ಕ್ಕೆ ಒಂದು ಸಂಭವವನ್ನು ನೆನೆದು, ಇನ್ನೊಂದು ದಿನ ಮತ್ತೊಮ್ಮೆ ಪರೀಕ್ಷಿಸುವುದನ್ನು ಮಾತ್ರ ಮರೆಯಬೇಡಿ.